ಬಂದ್ ಆಗದ ಎಂಜಿನ್

ದೇವರ ಹಿಪ್ಪರಗಿ ದಾಟಿ, ಬಾಗೇವಾಡಿ ರಸ್ತೆಯ ಬೇವಿನ ಮರದಡಿ ಕಾರು ನಿಲ್ಲಿಸಿದ್ದೇನೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗುವಾಗ ಅಪ್ಪ ಜೀಪು ನಿಲ್ಲಿಸುತ್ತಿದ್ದುದೂ ಇಲ್ಲೇ. ಅದರ ಬ್ಯಾಟರಿ ಸತ್ತಿತ್ತು. ಒಮ್ಮೆ ಬಂದ್ ಮಾಡಿದರೆ ಎಲ್ಲರೂ ನೂಕಬೇಕು. ಹಾಗಾಗಿ ಎಂಜಿನ್ ಗುಡುಗುತ್ತಿರುವಾಗಲೇ ನಾವು ನಿಂತುಕೊಂಡು ರೊಟ್ಟಿ, ಶೇಂಗಾ ಚಟ್ನಿ ನುಂಗುತ್ತಿದ್ದೆವು.

"ಲಗೂ ಲಗೂ ತಿನ್ರಿ, ಡೀಸೆಲ್ ಸುಡಾಕತ್ತೈತಿ!" ಅಪ್ಪನ ಕೈ ಹಾರ್ನ್ ಮೇಲೆಯೇ ಇರುತ್ತಿತ್ತು.

ಇಂದು ಜೊತೆಗೆ ಅವ್ವ ಮಾತ್ರ. ರೊಟ್ಟಿ ಹಿಡಿದು ನಿಂತೇ ಇದ್ದಾಳೆ, ಇನ್ನೊಂದು ಕೈ ಕಾರಿನ ಬಾಗಿಲ ಮೇಲೆ. ನನಗೂ ಯಾಕೋ ಚಡಪಡಿಕೆ.

"ಕುಂದರಬೇ ಅವ್ವ, ಗಾಡಿ ಬಂದ್ ಮಾಡೇನಿ."

"ಅದಕ್ಕ ತುತ್ತು ಇಳೀವಲ್ದು ನೋಡು."

ಎದ್ದು ಹೋಗಿ ಕಾರು ಚಾಲೂ ಮಾಡಿದೆ. ಅವ್ವ ಎರಡನೇ ರೊಟ್ಟಿಗೆ ಕೈ ಹಾಕಿದಳು.