ಹಗ್ಗದ ಆಚೆ ಬದಿ

ನಾಲ್ಕನೆಯ ಮೋಟಾರು ಲೇತು ಮನೆಗೆ ಬಂದ ದಿನ ಸಿದ್ದರಾಜುವಿನ ಹೆಂಡತಿ ಸಣ್ಣತಾಯಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟರಿಂದಲೇ ಅವನಿಗೆ ಗೊತ್ತಾಗಬೇಕಿತ್ತು. ಮೂರನೆಯದು ಬಂದಾಗ ಇಡೀ ಬೀದಿಗೆ ಕೇಳುವಂತೆ ಬೈದಿದ್ದಳು. "ಇರೋವು ಎರಡು ಕೈ. ಮೂರು ಮಿಷನ್ನು ತಕ್ಕಂಡು ಏನ್ ಮಾಡೀಯೆ, ಕಾಲಲ್ಲಿ ಕಡೀತೀಯಾ?" ಎಂದು ಕೇಳಿದ್ದಳು. ಹಾಗೆ ಬೈಯುವ ಹೆಂಗಸು ಇದ್ದಕ್ಕಿದ್ದಂತೆ ಸುಮ್ಮನಾದರೆ ಗಂಡನಾದವನು ಮೈಯೆಲ್ಲ ಕಣ್ಣಾಗಿರಬೇಕು. ಈ ಪುಣ್ಯಾತ್ಮನಿಗೆ ಎಲ್ಲಿಯ ಎಚ್ಚರ! ಅವನ ಧ್ಯಾನವೆಲ್ಲ ಗೂಡ್ಸ್ ಆಟೋದಿಂದ ಇಳಿಯುತ್ತಿದ್ದ ಯಂತ್ರದ ಮೇಲಿತ್ತು.

ಲೇತು ಅಂದರೆ ಮರ ಕಡೆಯುವ ಯಂತ್ರ. ಅದು ಮರದ ತುಂಡನ್ನು ಗರಗರ ತಿರುಗಿಸುತ್ತದೆ. ತಿರುಗುವ ತುಂಡಿಗೆ ಉಳಿ ಕೊಟ್ಟರೆ ಹೊಟ್ಟು ಹಾರಿ, ಮರ ದುಂಡಗಾಗಿ, ಬುಗುರಿಯೋ ಬಟ್ಟಲೋ ಆಗುತ್ತದೆ. ಸಿದ್ದರಾಜುವಿಗೆ ಇದು ಹೊಟ್ಟೆಪಾಡಲ್ಲ. ಅವನು ಮಂಡ್ಯದ ಹತ್ತಿರದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತಾಕುಗಳ ಮೇಸ್ತ್ರಿಯಾಗಿದ್ದು ನಿವೃತ್ತನಾದವನು. ಮರ ಕಡೆಯುವುದು ಬರೀ ಖಯಾಲಿ. ಹುಡುಗನಾಗಿದ್ದಾಗ ಚನ್ನಪಟ್ಟಣದ ಸೋದರಮಾವನ ಮನೆಗೆ ಹೋಗಿ, ಬೊಂಬೆ ಮಾಡುವವರ ಜಗಲಿಯಲ್ಲಿ ಕೂತು, ನೋಡಿ ನೋಡಿ ಹತ್ತಿಸಿಕೊಂಡ ಹುಚ್ಚು. ಮಗಳು ರಂಜಿತ ಮದುವೆಯಾಗಿ ಬೆಳಕವಾಡಿ ಸೇರಿದ ಮೇಲೆ ಮನೆಯಲ್ಲಿ ಉಳಿದವರು ಗಂಡ ಹೆಂಡಿರಿಬ್ಬರೇ. ಲೇತುಗಳು ಮಾತ್ರ ಹೆಚ್ಚುತ್ತಲೇ ಹೋದವು. ಕೊಟ್ಟಿಗೆ ಹೋಯಿತು, ಸೌದೆ ಜಾಗ ಹೋಯಿತು, ಈಗ ಉಳಿದಿದ್ದದ್ದು ಬಟ್ಟೆ ಒಣಹಾಕುವ ಮೂಲೆ.

ಆಟೋದವನೂ ಸಿದ್ದರಾಜುವೂ ಸೇರಿ ಯಂತ್ರವನ್ನು ಹಿತ್ತಲಿಗೆ ತಳ್ಳಿಕೊಂಡು ಬಂದರೆ ಅಡ್ಡಕ್ಕೆ ಬಟ್ಟೆಯ ಹಗ್ಗ ಸಿಕ್ಕಿತು. ಬಿಚ್ಚೋಣವೆಂದರೆ ಗಂಟು ಕಚ್ಚಿಕೊಂಡಿತ್ತು. "ಒಂದು ಅಗ್ಗ ತಾನೇ, ಬುಡು ಅತ್ಲಾಗೆ" ಎಂದವನೇ ಕುಡುಗೋಲು ತಂದು ಕುಯ್ದೇಬಿಟ್ಟ. ಒಣಗುತ್ತಿದ್ದ ಸೀರೆ ಮಣ್ಣಿಗೆ ಬಿತ್ತು. ಸಣ್ಣತಾಯಮ್ಮ ಒಳಗಿನಿಂದ ಬಂದಳು. ಸೀರೆಯ ಕಡೆ ತಿರುಗಿಯೂ ನೋಡಲಿಲ್ಲ. ಹಗ್ಗದ ಎರಡು ತುಂಡನ್ನೂ ಎತ್ತಿಕೊಂಡು, ಮಣ್ಣು ಕೊಡವಿ, ಮೊಳಕೈಗೆ ಸುತ್ತಿಕೊಂಡು ಒಳಕ್ಕೆ ಹೋದಳು.

ಮಾರನೆಯ ಬೆಳಿಗ್ಗೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬಂಡೂರಿಗೆ ಓಯ್ತೀನಿ, ಅಕ್ಕನ ಮನೇಗೆ."

"ಯಾವಾಗ ಬತ್ತೀಯೆ?"

"ನಿನ್ ಮಿಷನ್ನುಗಳ್ನ ಕೇಳು. ಅವೇ ತಾನೆ ನಿನ್ನ ತಾವ ಮಾತಾಡೋವು."

ಅವಳು ಹೋದಳು. ಸಿಟ್ಟು ಇಳಿದ ಮೇಲೆ ಬರುತ್ತಾಳೆ ಬಿಡು ಎಂದುಕೊಂಡು ಸಿದ್ದರಾಜು ಹೊಸ ಲೇತಿಗೆ ಕುಂಕುಮವಿಟ್ಟು ಸ್ವಿಚ್ಚು ಹಾಕಿದ. ಬೆಣ್ಣೆ ಕೊಯ್ದ ಹಾಗೆ ಕೊಯ್ಯಿತು. ಅಂಥ ಬಟ್ಟಲನ್ನು ಅವನು ಹಿಂದೆ ಮಾಡಿರಲಿಲ್ಲ. ಕೈಯಲ್ಲಿ ಹಿಡಿದು ಅಡುಗೆಮನೆಯ ಕಡೆ ತಿರುಗಿ, "ಅಮ್ಮೀ, ಬಾ ಇಲ್ಲಿ, ನೋಡು" ಎಂದು ಕೂಗಿದ. ಕೂಗಿದ ಮೇಲೆ ಅವಳಿಲ್ಲವೆಂದು ನೆನಪಾಯಿತು. ಬಟ್ಟಲನ್ನು ಉಳಿದ ಬಟ್ಟಲುಗಳ ಜೊತೆ ಅಟ್ಟಣಿಗೆಯ ಮೇಲಿಟ್ಟ. ಅಲ್ಲಿ ಆಗಲೇ ಹೂದಾನಿ, ದೀಪದ ಕಂಬ, ಪೆನ್ನಿನ ಡಬ್ಬಿಗಳು ದೂಳು ಕುಡಿಯುತ್ತಿದ್ದವು. ಅವನಿಗೆ ಏನೋ ಖಾಲಿ ಖಾಲಿ ಅನ್ನಿಸಿತು. ಈ ಖಾಲಿ ಅವನಿಗೆ ಹೊಸದಲ್ಲ. ಪ್ರತಿ ಲೇತು ಬಂದ ಮೇಲೂ ಕೆಲವು ದಿನಕ್ಕೆ ಹೀಗೇ ಆಗುತ್ತಿತ್ತು. ಆಗೆಲ್ಲ ಅವನು ಯಂತ್ರದಲ್ಲೇ ಏನೋ ಐಬಿದೆ, ಇದಕ್ಕಿಂತ ಒಳ್ಳೆಯದನ್ನು ತಂದರೆ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದ.

ಸ್ನಾನ ಮಾಡಿ, ಅಂಗಿ ಒಗೆದು, ಹಿಂಡಿ, ಹಿತ್ತಲಿಗೆ ಬಂದ. ಒಣಹಾಕಲು ಹಗ್ಗವಿಲ್ಲ. ನೀರಿಳಿಯುವ ಅಂಗಿ ಹಿಡಿದುಕೊಂಡು ಪೆದ್ದನ ಹಾಗೆ ನಿಂತ. ಸಣ್ಣತಾಯಮ್ಮ ಆ ಹಗ್ಗವನ್ನು ಮಳೆಗಾಲ ಬಂತೆಂದರೆ ಬಿಚ್ಚಿ ಒಳಗೆ ತೂಗುಹಾಕುತ್ತಿದ್ದಳು. ಬಟ್ಟೆ ಹಗ್ಗಕ್ಕೆ ಯಾರಾದರೂ ಇಷ್ಟು ಆರೈಕೆ ಮಾಡುತ್ತಾರಾ ಎಂದು ಅವನು ತಮಾಷೆ ಮಾಡಿದ್ದುಂಟು. ಬಿಗಿಯಾಗಿ ಹೊಸೆದ ನೂಲಿನ ಹಗ್ಗ. ಹೊಸೆದವರು ಯಾರು? ಅವನೇ ಅಲ್ಲವೇ? ಅಯ್ಯೋ ಶಿವನೇ, ಅದು ಮೊದಲನೆಯ ಲೇತಿನ ಹಗ್ಗ!

ಮೊದಲನೆಯದೆಂದರೆ ಮೋಟಾರಿನದಲ್ಲ. ಮದುವೆಯಾದ ಹೊಸತರಲ್ಲಿ ಅವನೇ ಮಾಡಿಕೊಂಡದ್ದು. ಒಂದು ಹಲಗೆ, ಅದರ ಮೇಲೆ ಎರಡು ಗಿಡ್ಡ ಕಂಬ, ಕಂಬಗಳಿಗೆ ಎದುರುಬದುರಾಗಿ ಎರಡು ಕಬ್ಬಿಣದ ಮೊನೆ. ಮೊನೆಗಳ ನಡುವೆ ಮರದ ತುಂಡು ಸಿಕ್ಕಿಸಿ, ತುಂಡಿಗೆ ಹಗ್ಗ ಸುತ್ತಿ, ಒಬ್ಬರು ಎದುರಿಗೆ ಕೂತು ಹಗ್ಗದ ಎರಡು ತುದಿಯನ್ನೂ ಮಜ್ಜಿಗೆ ಕಡೆಯುವ ಹಾಗೆ ಎಳೆಯಬೇಕು. ಈಚೆ ಬದಿ ಕೂತವರು ಉಳಿ ಹಿಡಿಯಬೇಕು. ಒಂದು ಎಳೆತಕ್ಕೆ ಮರ ಇತ್ತ ತಿರುಗಿ ಉಳಿಗೆ ಸಿಕ್ಕುತ್ತದೆ, ಇನ್ನೊಂದು ಎಳೆತಕ್ಕೆ ಅತ್ತ ತಿರುಗುತ್ತದೆ, ಆಗ ಉಳಿಗೆ ಬಿಡುವು. ಒಬ್ಬರಿಂದ ಆಗುವ ಕೆಲಸವೇ ಅಲ್ಲ.

ಎಳೆಯುತ್ತಿದ್ದವಳು ಸಣ್ಣತಾಯಮ್ಮ. ಆಗ ಸಿದ್ದರಾಜುವಿನ ತಾಯಿ ಚಿಕ್ಕಮಾದಮ್ಮ ಬದುಕಿದ್ದಳು. ಆ ಮನೆಯಲ್ಲಿ ಹೊಸ ಸೊಸೆ ಗಂಡನ ಎದುರು ಹಗಲು ಹೊತ್ತು ಕೂತು ಮಾತಾಡುವುದುಂಟೇ? ನಾಚಿಕೆಗೆಟ್ಟವಳು ಎನ್ನಿಸಿಕೊಳ್ಳಬೇಕಾಗುತ್ತಿತ್ತು. ಹಗ್ಗ ಎಳೆಯುವುದು ಮಾತ್ರ ಕೆಲಸ. ಕೆಲಸಕ್ಕೆ ಯಾರು ಏನಂದಾರು? ಫಾರಂನಿಂದ ಬಂದವನು ಕಾಫಿ ಕುಡಿದು ಲೇತಿನ ಮುಂದೆ ಕೂರುತ್ತಿದ್ದ, ಅವಳು ಸೆರಗು ಸಿಕ್ಕಿಸಿಕೊಂಡು ಆಚೆ ಬದಿ ಕೂರುತ್ತಿದ್ದಳು. ಉಳಿಗೆ ಬಿಡುವು ಸಿಕ್ಕಿದಾಗೆಲ್ಲ ಮಾತು. ತವರಿನ ಸುದ್ದಿ, ಓರಗಿತ್ತಿಯರ ಚಾಡಿ, ನಗು. ಬುಗುರಿ ಮಾಡಿದ್ದೇ ಮಾಡಿದ್ದು. ಊರಿನ ಹುಡುಗರಿಗೆಲ್ಲ ಬುಗುರಿ ಹಂಚಿ, ಇನ್ನು ಯಾರಿಗೆ ಕೊಡುವುದೆಂದು ತೋಚದೆ ಪಕ್ಕದ ಊರಿಗೂ ಕೊಟ್ಟರು. "ಅದೆಷ್ಟು ಬುಗುರಿ ಮಾಡಿರ್ಲಾ?" ಎಂದು ಚಿಕ್ಕಮಾದಮ್ಮ ಗೊಣಗುತ್ತಿದ್ದಳು. ಮುದುಕಿಗೆ ಗೊತ್ತಿರಲಿಲ್ಲ ಅಂತೀರಾ? ಗೊತ್ತಿತ್ತು.

ತಾಯಿ ತೀರಿಕೊಂಡ ಮೇಲೆ ಸಿದ್ದರಾಜು ಮೊದಲ ಮೋಟಾರು ಲೇತು ತಂದ. ತೆಂಗಿನಕಾಯಿ ಒಡೆದು, ಹೆಂಡತಿಯ ಕಡೆ ತಿರುಗಿ, "ಇವತ್ತಿಂದ ನೀನು ರಟ್ಟೆ ಬೀಳುಸ್ಕಂಡು ಎಳೆಯಂಗಿಲ್ಲ ಕಣಮ್ಮಿ. ಆರಾಮಾಗಿರು" ಎಂದ. ದೊಡ್ಡ ಉಪಕಾರ ಮಾಡಿದೆನೆಂದೇ ತಿಳಿದಿದ್ದ. ಸಣ್ಣತಾಯಮ್ಮ ಮೋಟಾರಿಗೆ ಹೂವಿಟ್ಟು ಒಳಗೆ ಹೋದಳು. ಆ ಸಂಜೆಯಿಂದ ಮೋಟಾರಿನ ಗುಂಯ್ ಸದ್ದಿನಲ್ಲಿ ಇವನು ಹೊರಗೆ, ಟೀವಿ ಮುಂದೆ ಅವಳು ಒಳಗೆ. ಬಳಿಕ ಅವಳು ಅವನ ಲೇತಿನಿಂದ ಕೇಳಿದ್ದು ಒಂದೇ ವಸ್ತು, ಮುದ್ದೆ ತಿರುವುವುದಕ್ಕೆ ಒಂದು ಹಿಟ್ಟಿನ ಕೋಲು. ಹಳೆಯದು ಸವೆದು ಸವೆದು ಬೆರಳಿನಷ್ಟು ಆಗಿತ್ತು. "ಮಾಡ್ಕೊಡ್ತೀನಿ ತಡಿ, ದೊಡ್ಡ ಮಿಷನ್ನು ಬರ್ಲಿ" ಎಂದಿದ್ದ. ದೊಡ್ಡ ಮಿಷನ್ನು ಬಂದಾಗ ಫಾರಂನ ಸಾಹೇಬರಿಗೆ ಹೂದಾನಿ ಕಡೆದ.

ಒದ್ದೆ ಅಂಗಿಯನ್ನು ಹೊಸ ಲೇತಿನ ಮೇಲೆಯೇ ಎಸೆದು ಸಿದ್ದರಾಜು ಅಟ್ಟ ಹತ್ತಿದ. ಹಳೆಯ ಲೇತು ಗೋಣಿತಾಟು ಸುತ್ತಿಸಿಕೊಂಡು ಭದ್ರವಾಗಿತ್ತು. ಸುತ್ತಿಟ್ಟವಳು ಯಾರೆಂದು ಹೇಳಬೇಕಾಗಿಲ್ಲ. ಕೆಳಗಿಳಿಸಿ, ಒಂದು ನೈಲಾನ್ ಹಗ್ಗ ಹುಡುಕಿ, ಒಂದು ತುದಿಯನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ಇನ್ನೊಂದನ್ನು ಎಡಗೈಯಲ್ಲಿ ಎಳೆದ. ಉಳಿ ಜಿಗಿದು ಮೊಣಕಾಲಿಗೆ ತಗುಲಿತು. ಗಾಯ ದೊಡ್ಡದೇನಲ್ಲ. ಆದರೆ ಅಷ್ಟು ದೊಡ್ಡ ಗಂಡಸು ಹಿತ್ತಲಲ್ಲಿ ಕೂತು ಕಣ್ಣೊರೆಸಿಕೊಂಡ. ಅವಳು ಬೇಕು ಅನ್ನಿಸಿತು. ಬಿಸಿ ಮುದ್ದೆಗಲ್ಲ, ಒಗೆದ ಬಟ್ಟೆಗಲ್ಲ. ಎದುರಿಗೆ ಕೂತು ಯಾರದೋ ಚಾಡಿ ಹೇಳಲಿ, ಸಾಕು, ಅನ್ನಿಸಿತು.

ಲೇತನ್ನು ಮತ್ತೆ ಗೋಣಿತಾಟಿನಲ್ಲಿ ಸುತ್ತಿ, ಚೀಲಕ್ಕೆ ಉಳಿ, ನೈಲಾನ್ ಹಗ್ಗ, ಬೊಂಬೆಯವರು ಕಡೆಯುವ ಹಾಲೆಮರದ ಎರಡು ತುಂಡು ಹಾಕಿಕೊಂಡು ಬಸ್ಸು ಹತ್ತಿದ. ಮಂಡ್ಯ ದಾಟಿ, ಮದ್ದೂರಿನಲ್ಲಿ ಎಲ್ಲರೂ ಇಳಿದು ವಡೆ ತಿಂದರೂ ಇವನು ಗಂಟನ್ನು ತಬ್ಬಿಕೊಂಡೇ ಕೂತಿದ್ದ. "ಏನಣ್ಣಾ ಅದು, ಮೊಮ್ಮಗೂಗೆ ತೊಟ್ಲಾ?" ಎಂದು ಕಂಡಕ್ಟರು ಕೇಳಿದ. ಸಿದ್ದರಾಜು ಹೂಂ ಅಂದುಬಿಟ್ಟ. ನಿಜ ಹೇಳಿದ್ದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಬಂಡೂರಿನಲ್ಲಿ ಸಣ್ಣತಾಯಮ್ಮನ ಅಕ್ಕ ಚಿಕ್ಕಬೋರಮ್ಮ ಬಾಗಿಲಲ್ಲೇ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಗಂಟನ್ನು ಕಂಡವಳೇ ಸೊಂಟಕ್ಕೆ ಕೈಯಿಟ್ಟಳು.

"ಎಡ್ತಿ ಕರ್ಕಂಡೋಗಕ್ಕೆ ಬಂದ್ಯೋ, ಸೌದೆ ಮಾರಕ್ಕೆ ಬಂದ್ಯೋ? ಅಲ್ಲಾ ಕಣಪ್ಪಾ, ಒಬ್ಬ ಮನ್ಸಂಗೆ ಎಷ್ಟು ಮಿಷನ್ನು ಬೇಕು?"

"ಅದೇ ಗೊತ್ತಾಗ್ನಿಲ್ಲ ಕಣಕ್ಕ. ಅದ್ಕೇ ತತ್ತಾ ಇದ್ದೆ."

ಚಿಕ್ಕಬೋರಮ್ಮನ ಗೇಲಿ ಅಲ್ಲಿಗೇ ನಿಂತಿತು. "ಲೇ ಸಣ್ಣತಾಯಿ, ಬಾ ಈಚೆ" ಎಂದು ಕೂಗಿ, ಕುರಿಗಳನ್ನು ಹೊಡೆದುಕೊಂಡು ಹೊರಟುಹೋದಳು.

ಸಣ್ಣತಾಯಮ್ಮ ಹೊರಗೆ ಬರುವ ಹೊತ್ತಿಗೆ ಅವನು ಬೇವಿನ ಮರದ ಕೆಳಗೆ ಲೇತು ಹೂಡಿ, ಮರದ ತುಂಡಿಗೆ ನೈಲಾನ್ ಹಗ್ಗ ಸುತ್ತುತ್ತಿದ್ದ. ಎಳೆದರೆ ಹಗ್ಗ ಜಾರುತ್ತಿತ್ತು, ಮರ ಮಿಸುಕುತ್ತಿರಲಿಲ್ಲ. ಅವಳು ನಿಂತು ನೋಡಿದಳು.

"ಅದು ಕಚ್ಕಳಕ್ಕಿಲ್ಲ" ಎಂದಳು.

ಒಳಗೆ ಹೋಗಿ ಬ್ಯಾಗಿನಿಂದ ನೂಲಿನ ಹಗ್ಗದ ತುಂಡು ತಂದಳು, ಎರಡರಲ್ಲಿ ಉದ್ದದ್ದು.

"ನಂಗೆ ಗೊತ್ತಾಗ್ನಿಲ್ಲ ಕಣಮ್ಮಿ. ಬಟ್ಟೆ ಅಗ್ಗ ಅಂದ್ಕಂಡು ಕುಯ್ದ್‌ಬುಟ್ಟೆ."

"ನಿಂಗೆ ಇಷ್ಟು ವರ್ಸದಲ್ಲಿ ಯಾವ್ದು ಗೊತ್ತಾಯ್ತು?"

ಸಿದ್ದರಾಜು ಅಭ್ಯಾಸಬಲದಿಂದ ಉಳಿಯ ಬದಿಗೆ ಹೋಗಿ ಕೂತ.

"ಏಳು ಅಲ್ಲಿಂದ" ಎಂದಳು. "ಅತ್ಲಾಗೆ ಕೂತ್ಕ. ನಾನು ಎಳ್ದಿದ್ದು ಸಾಕು. ಒಂದು ಇಟ್ಟಿನ್ ಕೋಲು ಕೇಳ್ದೆ, ಕೊಟ್ಯಾ? ನಾನೇ ಕಡ್ಕತೀನಿ."

"ನಿಂಗೆ ಬರಕ್ಕಿಲ್ಲ ಕಣಮ್ಮಿ."

"ಬುಗುರಿ ಅಷ್ಟೊಂದು ಮಾಡುದ್ವಲ್ಲ, ನಾನೇನು ಕಣ್ಣು ಮುಚ್ಕಂಡು ಕೂತಿದ್ನಾ? ಏಳು."

ಅವನು ಎದ್ದು ಆಚೆ ಬದಿಗೆ ಹೋದ. ಹಗ್ಗ ಅರ್ಧವಾಗಿದ್ದರಿಂದ ಹತ್ತಿರವೇ ಕೂರಬೇಕಾಯಿತು, ಮೊಣಕಾಲು ಹಲಗೆಗೆ ತಾಗುವಷ್ಟು. ಅವಳು ಸೆರಗು ಸಿಕ್ಕಿಸಿಕೊಂಡು ಉಳಿ ಹಿಡಿದಳು. ಹಿಡಿದ ರೀತಿ ತಪ್ಪು. ಅವನು ಅದನ್ನು ಹೇಳುವ ಬದಲು ಹಗ್ಗದ ಎರಡು ತುದಿಯನ್ನೂ ಹಿಡಿದುಕೊಂಡ.

"ಎಳಿ" ಎಂದಳು.

ಎಳೆದ. ಮೊದಲು ಉಳಿ ಕುಪ್ಪಳಿಸಿತು, ಮರಕ್ಕೆ ಗಾಯವಾಯಿತು. ಮತ್ತೆ ಎಳೆದ. ಸ್ವಲ್ಪ ಹೊತ್ತಿಗೇ ರಟ್ಟೆ ಸೋತು ಬಂತು. ಇಂಥದ್ದನ್ನು ಇವಳು ದಿನಾ ಸಂಜೆ, ಅಷ್ಟು ವರ್ಷ, ನಗುನಗುತ್ತಾ ಹೇಗೆ ಎಳೆದಳೋ ಎಂದುಕೊಂಡು ತಲೆಯೆತ್ತಿದ.

ಆಚೆ ಬದಿ ಕೂತವರಿಗೆ ಉಳಿ ಏನು ಮಾಡುತ್ತಿದೆ ಎಂಬುದು ಸರಿಯಾಗಿ ಕಾಣುವುದಿಲ್ಲ. ಅದು ಅವನಿಗೆ ಇವತ್ತೇ ಗೊತ್ತಾದದ್ದು. ಅಲ್ಲಿಂದ ಚೆನ್ನಾಗಿ ಕಾಣುವುದೆಂದರೆ ಉಳಿ ಹಿಡಿದವರ ಮುಖ. ಸಣ್ಣತಾಯಮ್ಮನ ನಾಲಿಗೆಯ ತುದಿ ಹಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ನೆರೆತ ಕೂದಲೊಂದು ಹಣೆಗೆ ಅಂಟಿತ್ತು, ರೆಪ್ಪೆಯ ಮೇಲೆ ಬಿಳಿಯ ಹೊಟ್ಟು ಕೂತಿತ್ತು. ಮೂಗಿನ ಪಕ್ಕದಲ್ಲೊಂದು ಸಣ್ಣ ಮಚ್ಚೆ. ಈ ಮಚ್ಚೆ ಯಾವಾಗಲೂ ಇತ್ತೇ? ಅವನಿಗೆ ನೆನಪಾಗಲಿಲ್ಲ. ಅಷ್ಟು ವರ್ಷ ಅವಳು ಇಲ್ಲಿ ಕೂತು ತನ್ನ ಮುಖ ನೋಡುತ್ತಲೇ ಇದ್ದಳು, ತಾನು ಉಳಿಯಿಂದ ಒಂದು ಸಲವೂ ಕಣ್ಣು ಎತ್ತಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

"ಮನೇಲಿ ಆಲೆಮರ ಇನ್ನೂ ಅದಾ?" ಎಂದು ಅವಳು ತಲೆ ಬಗ್ಗಿಸಿಕೊಂಡೇ ಕೇಳಿದಳು.

"ಅದೆ. ಬೇಕಾದಷ್ಟು ಅದೆ."

"ಊಂ. ನಾಳೀಕೆ ಓಗವ."

ಒಂದೇ ಒಂದು ಸಲ ಈ ಕಡೆ ನೋಡಲಿ ಎಂದು ಅವನ ಜೀವ ಹಾತೊರೆಯಿತು. ಕರೆಯೋಣವೆಂದು ಎಳೆಯುವುದನ್ನು ನಿಲ್ಲಿಸಿ ಬಾಯಿ ತೆರೆದ. ಆದರೆ ಅವಳ ಕಣ್ಣೆಲ್ಲ ಉಳಿಯ ಮೇಲಿತ್ತು, ಹಿಟ್ಟಿನ ಕೋಲು ಸೊಟ್ಟಸೊಟ್ಟಗೆ ಹುಟ್ಟುತ್ತಿತ್ತು.

"ಯಾಕ್ ನಿಲ್ಸುದ್ಯೆ? ಎಳಿ" ಎಂದಳು.

ಅವಳ ಮುಖ ನೋಡುತ್ತಾ ಅವನು ಹಗ್ಗ ಎಳೆದ.