ಜಸೀನಾಗೆ ಸಿಗದ ಹನ್ನೊಂದು ಪುಸ್ತಕಗಳು

"ಕಾಲೇಜಿನ ಲೈಬ್ರರಿ ಇರುದು ಕಟ್ಟಡದಲ್ಲಲ್ಲ, ನಮ್ಮ ವಾರಿಜಕ್ಕನ ತಲೆಯಲ್ಲಿ." ಪುತ್ತೂರಿನ ಆ ಬಾಡಿಗೆಮನೆಗಳ ಸಾಲಿಗೆ ಯಾರೇ ಹೊಸಬರು ಬರಲಿ, ಮನೆಯೊಡತಿ ಮೋಹಿನಿ ಹೀಗೆ ಹೇಳದೆ ಬಿಡುತ್ತಿರಲಿಲ್ಲ. ಕೇಳಿಸಿಕೊಂಡ ವಾರಿಜಾಕ್ಷಿ "ಅದೆಲ್ಲ ಬೇಡ" ಎನ್ನುತ್ತಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಮೂವತ್ತೊಂದು ವರ್ಷ ಅವಳು ಆ ಲೈಬ್ರರಿಯಲ್ಲಿ ಸಹಾಯಕಿ. ಪುಸ್ತಕದ ಹೆಸರು ಹೇಳಿದರೆ ಸಾಕು, ಎಷ್ಟನೇ ಕಪಾಟು, ರಟ್ಟಿನ ಬಣ್ಣ ಯಾವುದು, ಎಲ್ಲ ನಾಲಿಗೆಯ ತುದಿಯಲ್ಲಿ. ಕಂಪ್ಯೂಟರ್ ಬಂದಾಗ ಹಳೆಯ ಕಾರ್ಡುಗಳಲ್ಲಿದ್ದುದನ್ನೆಲ್ಲ ಅದಕ್ಕೆ ತುಂಬಿಸಿದವಳೂ ಅವಳೇ. ತುಂಬಿಸಲು ಕಲಿತಳು, ಹುಡುಕಲು ಕಲಿಯಲಿಲ್ಲ. ತಲೆ ಇರುವಾಗ ಅದು ಎಂತಕ್ಕೆ?

ಅವಳ ನೌಕರಿಯ ಕೊನೆಯ ವರ್ಷ, ಪೆರಾಬೆಯಿಂದ ಜಸೀನಾ ಬಂದಳು. ಎಂ.ಎ. ಓದುವ ಹುಡುಗಿ. ಅಜ್ಜಿ ಅಲೀಮಮ್ಮ ಮದುವೆಮನೆಗಳಲ್ಲಿ ಹಾಡುತ್ತಿದ್ದ ಬ್ಯಾರಿ ಭಾಷೆಯ ಹಾಡುಗಳ ಮೇಲೆ ಪ್ರಬಂಧ ಬರೆಯುವ ಆಸೆ. ಆಧಾರಕ್ಕೆ ಪುಸ್ತಕ ಬೇಕಿತ್ತು.

ವಾರಿಜಾಕ್ಷಿ ಶೀರ್ಷಿಕೆಯ ಜಾಗದಲ್ಲಿ 'ಬ್ಯಾರಿ ಮದುವೆಮನೆಯ ಹಾಡುಗಳು' ಎಂದು ಉದ್ದಕ್ಕೆ ಟೈಪು ಮಾಡಿದಳು. ಏನೂ ಬರಲಿಲ್ಲ.

"ಇಲ್ಲ."

"ಬೇರೆ ಶಬ್ದದಲ್ಲಿ ಒಮ್ಮೆ ನೋಡ್ತೀರಾ ಮೇಡಂ?"

"ನನಗೆ ಗೊತ್ತಿಲ್ಲದ ಪುಸ್ತಕ ಇಲ್ಲಿ ಉಂಟಾ ಮಾರಾಯ್ತಿ? ಈ ಕಂಪ್ಯೂಟರಿಗೆ ಅಕ್ಷರ ಕಲಿಸಿದ್ದೇ ನಾನು."

ಓದುತ್ತಾ ಕುಳಿತಿದ್ದವರು ನಕ್ಕರು. ಜಸೀನಾಳೂ ನಕ್ಕಂತೆ ಮಾಡಿ "ಇರಲಿ ಮೇಡಂ" ಎಂದು ಹೋದಳು. ಆಧಾರವಿಲ್ಲದ ವಿಷಯ ಬೇಡವೆಂದು ಅವಳ ಗೈಡ್ ಜಾಹೀರಾತಿನ ಭಾಷೆಯ ಮೇಲೆ ಬರೆಯಲು ಹೇಳಿದರು.

ನಿವೃತ್ತಿಗೆ ವಾರ ಉಳಿದಿತ್ತು. ಪುಸ್ತಕಗಳ ಲೆಕ್ಕ ತಪಾಸಣೆ ನಡೆಯುವಾಗ ಕರಾವಳಿಯ ಜಾನಪದದ ಹಳೆಯ ಸಂಪುಟವೊಂದು ಕೈಜಾರಿ ಬಿದ್ದು ತೆರೆದುಕೊಂಡಿತು. ಬ್ಯಾರಿ ಮದುವೆಯ ಹಾಡುಗಳು, ಇಪ್ಪತ್ತೆರಡು ಪುಟ. ವಾರಿಜಾಕ್ಷಿ ಕಂಪ್ಯೂಟರಿನಲ್ಲಿ ಆ ಪುಸ್ತಕದ ವಿವರ ತೆಗೆದಳು. ಕೆಳಗೆ 'ವಿಷಯ' ಎಂಬಲ್ಲಿ ಅವಳೇ ಹಿಂದೆ ಟೈಪು ಮಾಡಿದ್ದ ಸಾಲು: ಜಾನಪದ, ದಕ್ಷಿಣ ಕನ್ನಡ. ಅದರ ಮೇಲೆ ಒತ್ತಿದಳು. ಮದುವೆಮನೆಯಲ್ಲಿ ಒಬ್ಬರ ಪರಿಚಯವಾದರೆ ಕುಟುಂಬವೇ ಎದ್ದು ಬರುವಂತೆ ಅದೇ ವಿಷಯದ ಪುಸ್ತಕಗಳೆಲ್ಲ ಸಾಲಾಗಿ ಬಂದವು. ಒಂದೊಂದನ್ನೇ ಕಪಾಟಿನಿಂದ ಇಳಿಸಿ ಪರಿವಿಡಿ ನೋಡಿದಳು. ಹನ್ನೊಂದರಲ್ಲಿ ಆ ಹುಡುಗಿಗೆ ಬೇಕಾದದ್ದಿತ್ತು.

ಕಿವಿ ಬಿಸಿಯಾಯಿತು. ಇಷ್ಟು ವರ್ಷ ಅವಳಿಗೆ ಗೊತ್ತಿದ್ದದ್ದು ಪುಸ್ತಕಗಳ ಬೆನ್ನು ಮಾತ್ರ, ಹೊಟ್ಟೆಯಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು, ಅದಕ್ಕೆ ಇನ್ನಷ್ಟು ನಾಚಿದಳು. ಮೂರು ಸಲ ಜಸೀನಾಳ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದಳು. ಪ್ರಬಂಧದ ವಿಷಯ ಬದಲಿಸಲು ಶನಿವಾರ ಕೊನೆಯ ದಿನವೆಂದು ನೋಟಿಸು ಬೋರ್ಡಿನಲ್ಲಿತ್ತು. ಗುರುವಾರ ಬೀಳ್ಕೊಡುಗೆ ಸಭೆಯಲ್ಲಿ ಪ್ರಾಂಶುಪಾಲರು "ನಡೆದಾಡುವ ಗ್ರಂಥಾಲಯ" ಎಂದಾಗ ಅವಳು ತಲೆಯೆತ್ತಲಿಲ್ಲ. ವಿನಯವೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಶುಕ್ರವಾರ ಬೆಳಿಗ್ಗೆ ಮನೆ ಖಾಲಿ. ಸಾಮಾನು ಮರ್ಕಂಜದ ತಂಗಿಯ ಮನೆಗೆ ಮೊದಲೇ ಹೋಗಿತ್ತು. ಕೈಚೀಲದಲ್ಲಿ ರದ್ದಾದ ಹಳೆಯ ಕ್ಯಾಟಲಾಗು ಕಾರ್ಡುಗಳು, ಅವುಗಳ ಬೆನ್ನಿಗೆ ಹನ್ನೊಂದು ಪುಸ್ತಕಗಳ ಹೆಸರು, ಪುಟಸಂಖ್ಯೆ. ಕೊನೆಯ ಕಾರ್ಡಿನಲ್ಲಿ ಬರೆದಿದ್ದಳು: ಇಡೀ ವಾಕ್ಯ ಹಾಕಬೇಡ, ಒಂದು ಶಬ್ದ ಸಾಕು. ಸಿಕ್ಕಿದ ಪುಸ್ತಕದ ವಿಷಯದ ಸಾಲು ಹಿಡಿದು ಮುಂದೆ ಹೋಗು. ಯಾರಾದರೂ ಇಲ್ಲ ಎಂದರೆ ನಂಬಬೇಡ.

"ಬಸ್‌ಸ್ಟ್ಯಾಂಡಿಗೆ ರಿಕ್ಷಾ ಕರೀಲಾ? ಸುಳ್ಯದ ಬಸ್ಸು ಈಗ ಬರ್ತದೆ" ಎಂದರು ಮೋಹಿನಿ.

"ಮೊದಲು ಪೆರಾಬೆಗೆ ಹೋಗ್ಲಿಕ್ಕುಂಟು."

"ಅಲ್ಲಿ ಎಂತ ಕೆಲಸ?"

"ಗೊತ್ತಿಲ್ಲ ಅಂತ ಹೇಳ್ಬೇಕಾದಲ್ಲಿ ಇಲ್ಲ ಅಂತ ಹೇಳಿದ್ದೆ, ಒಂದು ಹುಡುಗಿಗೆ."

"ನಿಮಗೆ ಗೊತ್ತಿಲ್ಲದ್ದು ಎಂತ ವಾರಿಜಕ್ಕ? ಲೈಬ್ರರಿಯೇ ನಿಮ್ಮ..."

"ಆ ಮಾತು ಇನ್ನು ಯಾರಿಗೂ ಹೇಳ್ಬೇಡಿ ಮೋಹಿನಕ್ಕ."

ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು, ಚೀಲವನ್ನು ಎದೆಗೊತ್ತಿಕೊಂಡು ವಾರಿಜಾಕ್ಷಿ ಮೆಟ್ಟಿಲಿಳಿದಳು.