ಹೆಲ್ಮೆಟ್ ತೆಗೆಯದ ಅಭಿಮಾನಿ

ನಾನು ನಂಜೇಶ್. ವಾರವೆಲ್ಲ ತಾಂಡ್ಯದ ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್, ಭಾನುವಾರ ಮದುವೆಮನೆ ಆರ್ಕೆಸ್ಟ್ರಾದಲ್ಲಿ ಗಿಟಾರಿಸ್ಟ್. ದೊಡ್ಡ ದೊಡ್ಡ ರಾಕ್ ಕಲಾವಿದರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಮೆಚ್ಚುತ್ತಿದ್ದರೆಂದು ಕ್ಯಾಂಟೀನಿನಲ್ಲಿ ಭಾಷಣ ಬಿಗಿಯುವುದು ನನ್ನ ಚಟ.

"ನರಸೀಪುರದ ಬಸವಪ್ರಸಾದೂ ಗಿಟಾರ್ ನುಡುಸ್ತಾನಲ್ಲ, ನೀನ್ ಓಗಿ ಕೇಳಿದ್ದೀಯೇನ್ಲಾ?" ಎಂದ ಜೊತೆಯ ಮಹದೇವ.

"ಅವನದೇನ್ ಕೇಳೋದು," ಎಂದೆ.

ಮೂರು ಸಲ ಕೇಳಿದ್ದೆ. ಗುರುತು ಸಿಗಬಾರದೆಂದು ಹೆಲ್ಮೆಟ್ ತೆಗೆಯದೆ, ಛತ್ರದ ಹಿಂದಿನ ಕಂಬಕ್ಕೆ ಒರಗಿ. ನನಗಿಂತ ಚೆನ್ನಾಗಿ ನುಡಿಸುತ್ತಾನೆ. ಅದಕ್ಕೇ ಮಾತಾಡಿಸದೆ ಬಂದೆ.

ಹೋದ ತಿಂಗಳು ಹದಿನಾರು ಎಂಬ ಊರಿನ ಆರತಕ್ಷತೆಯೊಂದರಲ್ಲಿ ನಾನು ನುಡಿಸುವಾಗ, ಹಿಂದೆ ಒಬ್ಬ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ. ನೋಟ ನನ್ನ ಮೇಲೇ. ಬಸವಪ್ರಸಾದನೇ ಬಂದಿದ್ದಾನೆಂದು ಎದೆ ಉಬ್ಬಿತು. ಜನ ಊಟಕ್ಕೆ ಎದ್ದು ಹೋದರೂ ಬಿಡದೆ, ಗೊತ್ತಿದ್ದ ವಿದ್ಯೆಯನ್ನೆಲ್ಲ ಅವನಿಗಾಗಿ ಸುರಿದೆ. ಕೊನೆಗೆ ಅವನು ವೇದಿಕೆಯ ಬಳಿ ಬಂದ. ಕೈಕುಲುಕಲು ಬಗ್ಗಿದೆ. ಹೆಲ್ಮೆಟ್ಟಿನ ಗಾಜು ಮೇಲೆತ್ತಿದವನು ಯಾರೋ ಅಪರಿಚಿತ.

"ಸಾ, ಮೈಕಲ್ಲಿ ಒಂದ್ ಕಾರ್ ನಂಬರ್ ಯೋಳ್ಬುಡಿ. ನನ್ ಬೈಕಿಗೆ ಅಡ್ಡ ನಿಲ್ಸವ್ರೆ. ನಿಮ್ದು ಯಾವಾಗ ಮುಗೀತದೋ ಅಂತ ಆಗ್ಲಿಂದ ಕಾಯ್ತಾ ಇವ್ನಿ."